ಬಿಸಿಲುಕೋಲಿನ ಬೆನ್ನು ಹತ್ತಿ: ಬಯಲುಸೀಮೆಯ ಬೆಳಕನ್ನು ಫೋಟೊದಲ್ಲಿ ಹಿಡಿಯುವ ಬಗೆ

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಬಿಸಿಲುಕೋಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಳಗ್ಗೆ ಎಂಟರ ಹೊತ್ತಿಗೆ ಅಡುಗೆಮನೆಯ ಗವಾಕ್ಷಿಯಿಂದ ಓರೆಯಾಗಿ ಇಳಿದು ನೆಲಕ್ಕೆ ಊರಿಕೊಳ್ಳುವ ಬೆಳಕಿನ ಕಂಬ, ಅದರೊಳಗೆ ಮೇಲಕ್ಕೂ ಕೆಳಕ್ಕೂ ಈಜಾಡುವ ದೂಳಿನ ಕಣಗಳು. ಅದನ್ನು ಹಿಡಿಯಲು ಮುಷ್ಟಿ ಬಿಗಿದ ಮಕ್ಕಳು ನಾವು. ಒಲೆಗೆ ಸೌದೆ ತುರುಕಿದ ಕೂಡಲೇ ಆ ಕೋಲು ಬೆಳ್ಳಗೆ, ದಪ್ಪಗೆ, ಕೈಗೆ ಸಿಕ್ಕೇಬಿಡುತ್ತದೆ ಎನ್ನುವಂತೆ ಕಾಣುತ್ತಿತ್ತು. ಒಲೆ ಆರಿ ಹೊಗೆ ತೆಳುವಾದರೆ ಗವಾಕ್ಷಿ ಅಲ್ಲೇ ಇದ್ದರೂ, ಬಿಸಿಲು ಅಷ್ಟೇ ಇದ್ದರೂ ಕೋಲು ಮಾಸಿಹೋಗುತ್ತಿತ್ತು. ಕ್ಯಾಮೆರಾ ಹಿಡಿದು ತುಮಕೂರಿನ ಸುತ್ತಮುತ್ತಲ ಬೆಟ್ಟ, ತೋಟ, ಕೆರೆಗಳನ್ನು ಅಲೆಯತೊಡಗಿದ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ಒಂದು ನೆನಪು.

ಬೆಳಕು ನಮ್ಮ ಕಣ್ಣಿಗೇ ಬಂದು ಬಿದ್ದರೆ ಮಾತ್ರ ನಮಗೆ ತಿಳಿಯುತ್ತದೆ. ಪಕ್ಕದಲ್ಲಿ ಹಾದುಹೋಗುವ ಬೆಳಕು ಎಷ್ಟೇ ಪ್ರಖರವಾಗಿದ್ದರೂ ನಮ್ಮ ಪಾಲಿಗೆ ಇಲ್ಲದ ಹಾಗೆ. ಅದರ ಹಾದಿಯಲ್ಲಿ ಒಂದು ದೂಳಿನ ಕಣವೋ ಮಂಜಿನ ಹನಿಯೋ ಅಡ್ಡ ಸಿಕ್ಕಿ, ಒಂದಿಷ್ಟು ಬೆಳಕನ್ನು ನಮ್ಮತ್ತ ಚದುರಿಸಿದಾಗ ಆ ಹಾದಿ ಕಾಣತೊಡಗುತ್ತದೆ. ಐರ್ಲೆಂಡ್ ಮೂಲದ ವಿಜ್ಞಾನಿ ಜಾನ್ ಟಿಂಡಲ್ 1860ರ ದಶಕದ ಕೊನೆಯಲ್ಲಿ ಇದನ್ನು ಬಹಳ ಸರಳವಾಗಿ ತೋರಿಸಿದರು. ಕತ್ತಲೆ ಕೋಣೆಯಲ್ಲಿ ಬೆಳಕಿನ ಕೋಲೊಂದನ್ನು ಹಾಯಿಸಿ, ಅದರ ಅಡಿಯಲ್ಲಿ ಉರಿಯುವ ದೀಪ ಹಿಡಿದರು. ಬೆಳಗುತ್ತಿದ್ದ ಕೋಲಿನ ನಡುವೆ ಕಪ್ಪು ಹೊಗೆಯಂಥ ಸುರುಳಿಗಳು ಎದ್ದವು. ಅದು ಹೊಗೆಯಾಗಿರಲಿಲ್ಲ, ದೂಳಿಲ್ಲದ ಗಾಳಿಯಾಗಿತ್ತು. ದೂಳು ಇಲ್ಲವಾದ ಕಡೆ ಬೆಳಕು ಇದ್ದೂ ಕಾಣಲಿಲ್ಲ. ಗವಾಕ್ಷಿಯ ಬಿಸಿಲಲ್ಲಿ ತೇಲುವ ಆ ಕಣಕ್ಕೆ ನಮ್ಮ ಹಳೆಯ ಶಾಸ್ತ್ರಗ್ರಂಥಗಳಲ್ಲಿ ತ್ರಸರೇಣು ಎಂಬ ಹೆಸರೇ ಇದೆ. ಕಣ್ಣಿಗೆ ಕಾಣುವುದರಲ್ಲಿ ಅತ್ಯಂತ ಸಣ್ಣದು ಅದೇ ಎಂದು ತೂಕದ ಲೆಕ್ಕವನ್ನು ಅಲ್ಲಿಂದ ಶುರುಮಾಡಿದ್ದರು.

ಹಾಗಾಗಿ ಬಿಸಿಲುಕೋಲಿನ ಫೋಟೊ ಎಂದರೆ ನಿಜಕ್ಕೂ ಗಾಳಿಯ ಫೋಟೊ. ಬಿಸಿಲು ನಮ್ಮ ಸೀಮೆಯಲ್ಲಿ ವರ್ಷವಿಡೀ ಧಾರಾಳ. ಆ ಬಿಸಿಲನ್ನು ಕಾಣಿಸುವಂಥ ಗಾಳಿ ಎಲ್ಲಿ, ಯಾವಾಗ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಓದುವುದೇ ಇಲ್ಲಿ ಕಲಿಯಬೇಕಾದ ವಿದ್ಯೆ. ಮಲೆನಾಡಿಗೆ ಹೋದರೆ ಮಾತ್ರ ಇಂಥ ಚಿತ್ರ ಸಿಗುತ್ತದೆ ಎಂದು ನಂಬಿದವರು ಅನೇಕ ಮಂದಿ. ನಾನು ಆ ಮಾತನ್ನು ಒಪ್ಪುವುದಿಲ್ಲ.

ಸೂರ್ಯನ ಕಡೆಗೆ ತಿರುಗಿ

ಮೊದಲ ಪ್ರಶ್ನೆ, ಎತ್ತ ಮುಖ ಮಾಡಿ ನಿಲ್ಲಬೇಕು? ಸಂಜೆ ತುಮಕೂರಿನಿಂದ ಶಿರಾ ಕಡೆಗೆ ಕಾರಿನಲ್ಲಿ ಹೋದವರಿಗೆ ಇದರ ಉತ್ತರ ಗೊತ್ತಿದೆ. ಬೆಳಗ್ಗೆ ಒರೆಸಿದ ಗಾಜೇ ಆಗಿದ್ದರೂ ಇಳಿಬಿಸಿಲು ಎದುರಿಗೆ ಬಿದ್ದ ಕೂಡಲೇ ಗಾಜಿನ ಮೇಲಿನ ಒಂದೊಂದು ದೂಳಿನ ಚುಕ್ಕೆಯೂ ಉರಿಯತೊಡಗುತ್ತದೆ, ರಸ್ತೆಯೇ ಕಾಣದು. ಅದೇ ಗಾಜು, ಅದೇ ದೂಳು. ಕಾರು ತಿರುಗಿಸಿ ಸೂರ್ಯನಿಗೆ ಬೆನ್ನು ಹಾಕಿದರೆ ಗಾಜು ಮತ್ತೆ ತಿಳಿ.

ಕಣದ ಗಾತ್ರ ಇದಕ್ಕೆ ಕಾರಣ. ಗಾಳಿಯ ಅಣುಗಳು ಬೆಳಕಿನ ಅಲೆಗಿಂತ ಸಾವಿರ ಪಟ್ಟಿಗೂ ಹೆಚ್ಚು ಚಿಕ್ಕವು. ಅವು ಬೆಳಕನ್ನು ಹೆಚ್ಚುಕಡಿಮೆ ಎಲ್ಲ ದಿಕ್ಕಿಗೂ ಎರಚುತ್ತವೆ, ನೀಲಿಯನ್ನು ಹೆಚ್ಚಾಗಿ ಎರಚುತ್ತವೆ. ಆಕಾಶ ನೀಲಿಯಾಗಿರುವುದು ಅದರಿಂದಲೇ. ಮಂಜಿನ ಹನಿ, ಹೊಗೆಯ ಕಣ, ದೂಳು ಇವೆಲ್ಲ ಬೆಳಕಿನ ಅಲೆಯಷ್ಟೇ ದೊಡ್ಡವು ಅಥವಾ ಅದಕ್ಕಿಂತ ಎಷ್ಟೋ ದೊಡ್ಡವು. ಅಂಥವು ಬೆಳಕನ್ನು ಬಹುಪಾಲು ಮುಂದಕ್ಕೇ ತಳ್ಳುತ್ತವೆ, ಬಂದ ದಿಕ್ಕಿನಲ್ಲೇ, ಕೊಂಚ ಆಚೀಚೆ. ಈ ಲೆಕ್ಕವನ್ನು ಜರ್ಮನಿಯ ಗುಸ್ಟಾವ್ ಮೀ 1908ರಲ್ಲಿ ಬಿಡಿಸಿಟ್ಟರು. ನಮಗೆ ಬೇಕಾದ ಫಲ ಇಷ್ಟು: ಸೂರ್ಯನ ಕಡೆಗೆ ಮುಖ ಮಾಡಿದರೆ ಕೋಲುಗಳು ಎದ್ದು ಕಾಣುತ್ತವೆ, ಬೆನ್ನು ಮಾಡಿದರೆ ಮಾಯ. ಸೂರ್ಯ ಚೌಕಟ್ಟಿನೊಳಗೇ ಇರಬೇಕೆಂದೇನೂ ಇಲ್ಲ. ಚೌಕಟ್ಟಿನ ಅಂಚಿನಾಚೆ ಅಥವಾ ಒಂದು ಮರದ ಬೊಡ್ಡೆಯ ಹಿಂದೆ ಅವನನ್ನು ಅಡಗಿಸಿಕೊಂಡರೆ ಲೆನ್ಸಿನೊಳಗೆ ಬೆಳಕು ನುಗ್ಗಿ ಚಿತ್ರ ಪೇಲವವಾಗುವುದೂ ತಪ್ಪುತ್ತದೆ. ಒಂದು ಎಚ್ಚರವನ್ನು ಇಲ್ಲೇ ಹೇಳಿಬಿಡಬೇಕು. ಡಿಎಸ್ಎಲ್ಆರ್ ಕ್ಯಾಮೆರಾದ ವ್ಯೂಫೈಂಡರ್‌ನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ, ಅದರಲ್ಲೂ ಉದ್ದನೆಯ ಲೆನ್ಸ್ ಹಾಕಿಕೊಂಡು, ನೇರ ಸೂರ್ಯನನ್ನು ನೋಡಬೇಡಿ. ಭೂತಗನ್ನಡಿಯಿಂದ ಕಾಗದ ಸುಟ್ಟವರಿಗೆ ಕಾರಣ ಹೇಳಬೇಕಿಲ್ಲ. ಪರದೆಯಲ್ಲಿ ನೋಡಿ ಚೌಕಟ್ಟು ಕಟ್ಟಿ.

ಎರಡನೆಯದು ಹಿನ್ನೆಲೆ. ಚದುರಿ ಬರುವ ಬೆಳಕು ಎಷ್ಟೆಂದರೂ ಸ್ವಲ್ಪವೇ. ಅದರ ಹಿಂದೆ ಬಿಳಿ ಆಕಾಶವಿದ್ದರೆ ಹಾಲಿನಲ್ಲಿ ಹಾಲು ಬೆರೆಸಿದ ಹಾಗೆ, ಏನೂ ಕಾಣದು. ಹಿಂದೆ ನೆರಳಲ್ಲಿರುವ ಬೆಟ್ಟದ ಮೈ, ದಟ್ಟ ಮಾವಿನ ತೋಪು, ಒತ್ತಾದ ಮರದ ಬೊಡ್ಡೆಗಳು ಇರಬೇಕು. ಶ್ರೀನಿವಾಸಪುರದ ಮಾವಿನ ತೋಪುಗಳು ಈ ವಿಷಯದಲ್ಲಿ ದೊಡ್ಡ ವರ. ಎಲೆ ದಟ್ಟ, ನೆರಳು ಕಪ್ಪು, ಒಳಗೆ ಬಿದ್ದ ಒಂದು ಕೋಲು ಬಿಸಿಲೂ ಎದ್ದು ನಿಲ್ಲುತ್ತದೆ.

ಕಿಂಡಿಯ ಲೆಕ್ಕ

ಮೋಡದ ಸಂದಿಯಿಂದ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಕಿರಣಗಳನ್ನು ನೋಡಿ ಸೂರ್ಯ ಆ ಮೋಡದ ಹಿಂದೆಯೇ, ಹತ್ತಿರದಲ್ಲೇ ಇದ್ದಾನೆ ಅನ್ನಿಸುತ್ತದೆ. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅಷ್ಟು ದೂರದಿಂದ ಬರುವ ಕಿರಣಗಳು ಒಂದಕ್ಕೊಂದು ಹೆಚ್ಚುಕಡಿಮೆ ಸಮಾನಾಂತರ. ಹಾಗಿದ್ದರೆ ಬಿಚ್ಚಿಕೊಂಡ ಹಾಗೆ ಕಾಣುವುದೇಕೆ? ನಿಟ್ಟೂರಿನ ರೈಲ್ವೆ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ತಿಪಟೂರಿನ ಕಡೆ ನೋಡಿ. ಹಳಿಗಳೆರಡೂ ದೂರ ಹೋಗುತ್ತಾ ಒಂದೇ ಚುಕ್ಕೆಯಲ್ಲಿ ಕೂಡುತ್ತವೆ, ನಮ್ಮ ಕಾಲ ಬಳಿ ಅಗಲವಾಗುತ್ತವೆ. ಕಿರಣಗಳದ್ದೂ ಇದೇ ನೋಟದ ಆಟ. ಈಗ ಹಿಂದಿರುಗಿ ಗುಬ್ಬಿಯ ಕಡೆ ನೋಡಿ, ಅಲ್ಲೂ ಹಳಿಗಳು ಮತ್ತೆ ಕೂಡುತ್ತವೆ. ಆಕಾಶದಲ್ಲೂ ಹೀಗೆಯೇ ಆಗುತ್ತದೆ. ಸಂಜೆ ಪಶ್ಚಿಮದಲ್ಲಿ ಕಿರಣಗಳು ಚೆನ್ನಾಗಿ ಬಿದ್ದ ದಿನ ಪೂರ್ವಕ್ಕೆ ತಿರುಗಿದರೆ, ಅಲ್ಲಿಯೂ ತೆಳುವಾದ ಪಟ್ಟೆಗಳು ದಿಗಂತದ ಕಡೆಗೆ ಕೂಡುತ್ತಿರುವುದು ಕಾಣಬಹುದು. ಎಲ್ಲರೂ ಸೂರ್ಯಾಸ್ತ ತೆಗೆಯುತ್ತಿರುವಾಗ ಒಮ್ಮೆ ಹಿಂದಿರುಗಿ ನೋಡುವ ಅಭ್ಯಾಸ ಒಳ್ಳೆಯದು. ಚಿತ್ರ ತೆಗೆಯುವಾಗಲೂ ಈ ತಿಳಿವಳಿಕೆ ಬೇಕು: ಅಗಲ ಲೆನ್ಸ್ ಹಾಕಿದರೆ ಬೀಸಣಿಗೆ ಬಿಚ್ಚಿಕೊಳ್ಳುತ್ತದೆ, ದೂರದ್ದನ್ನು ಹತ್ತಿರ ತರುವ 100 ಅಥವಾ 200 ಮಿಲಿಮೀಟರ್ ಲೆನ್ಸಿನಲ್ಲಿ ಅದರ ಒಂದು ಭಾಗವನ್ನಷ್ಟೇ ಕತ್ತರಿಸಿಕೊಂಡರೆ ಕೋಲುಗಳು ಸಾಲು ಕಂಬಗಳ ಹಾಗೆ ನಿಲ್ಲುತ್ತವೆ. ನನಗೆ ಎರಡನೆಯದೇ ಇಷ್ಟ.

ಇನ್ನು ಮರಗಳ ನಡುವಿನ ಕೋಲು. ಇದರಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ತಿಳಿದ ಮೇಲೆ ನಾನು ಜಾಗ ಹುಡುಕುವ ರೀತಿಯೇ ಬದಲಾಯಿತು. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಆದ್ದರಿಂದ ಎಲೆಗಳ ನಡುವಿನ ಕಿಂಡಿಯಿಂದ ಇಳಿದ ಬೆಳಕಿನ ಅಂಚು ದೂರ ಹೋದಂತೆಲ್ಲ ಮಸುಕಾಗುತ್ತಾ, ಕೋಲು ತನ್ನ ಕಸುವು ಕಳೆದುಕೊಳ್ಳುತ್ತದೆ. ಎಷ್ಟು ದೂರಕ್ಕೆ? ಕಿಂಡಿಯ ಅಗಲದ ಸುಮಾರು 107 ಪಟ್ಟು. ಬೆರಳಗಲದ ಕಿಂಡಿ, ಅಂದರೆ ಎರಡು ಸೆಂಟಿಮೀಟರ್, ಎಂದುಕೊಂಡರೆ ಎರಡು ಮೀಟರ್ ದಾಟುವಷ್ಟರಲ್ಲಿ ಆ ಕೋಲು ಸೊರಗತೊಡಗುತ್ತದೆ. ಗೇಣಗಲದ ಕಿಂಡಿಯಾದರೆ ಇಪ್ಪತ್ತು ಮೀಟರ್ ದಾಟಿದರೂ ಗಟ್ಟಿಯಾಗಿರುತ್ತದೆ.

ಇದನ್ನು ಹಿಡಿದು ನಮ್ಮ ಮರಗಳನ್ನು ನೋಡಿ. ಊರ ಗುಂಡುತೋಪಿನ ಹುಣಸೆಮರದ ಎಲೆ ಸಣ್ಣದು, ಕಿಂಡಿಗಳೂ ಸಾಸಿವೆಯಷ್ಟು. ಎಷ್ಟು ಮಂಜಿದ್ದರೂ ಅದರ ಕೆಳಗೆ ಕೋಲು ಕಡಿದ ಹಾಗೆ ಬರುವುದು ಅಪರೂಪ, ಮರದ ಕೆಳಗೆಲ್ಲ ಒಂದು ತೆಳು ಹೊಂಬೆಳಕು ಹರಡುತ್ತದೆ ಅಷ್ಟೇ. ಕೋಲು ಬೇಕಿದ್ದರೆ ಎರಡು ಮರಗಳ ನಡುವಿನ ಸಂದಿಯನ್ನು ನೋಡಬೇಕು. ಹೊಂಗೆಯ ಎಲೆ ದಟ್ಟ, ಕೊಂಬೆ ತಗ್ಗು. ಕೋಲುಗಳು ತೆಳ್ಳಗೆ, ಗಿಡ್ಡಗೆ, ಬಹಳ ಸಂಖ್ಯೆಯಲ್ಲಿ ಬರುತ್ತವೆ. ತೆಂಗು ಎಲ್ಲಕ್ಕಿಂತ ಉದಾರಿ. ಗರಿಗಳ ನಡುವೆ ಅಗಲಗಲ ಕಿಂಡಿಗಳು, ಮರ ಎತ್ತರ, ಕೆಳಗೆ ಬೊಡ್ಡೆಗಳ ಸಾಲು ಬಿಟ್ಟರೆ ಬಯಲು. ತೋಟದ ಈ ತುದಿಯಿಂದ ಆ ತುದಿಯವರೆಗೆ ಹಾಯುವ ಕೋಲು ಬೇಕಿದ್ದರೆ ಗುಬ್ಬಿ, ತುರುವೇಕೆರೆ, ತಿಪಟೂರು ಕಡೆಯ ತೆಂಗಿನ ತೋಟಗಳಿಗೆ ಸಮನಾದ ಜಾಗ ನಾನು ಕಂಡಿಲ್ಲ.

ಹೊಂಗೆಯ ಕೆಳಗೆ ನೆಲದ ಮೇಲೆ ಬೀಳುವ ಬಿಸಿಲಿನ ಮಚ್ಚೆಗಳು ದುಂಡಗಿರುವುದೂ ಇದೇ ಲೆಕ್ಕದಿಂದ. ಕಿಂಡಿ ತ್ರಿಕೋನವೋ ಚೌಕವೋ ಇರಲಿ, ಸಾಕಷ್ಟು ದೂರ ಬಂದ ಮೇಲೆ ಬೀಳುವುದು ಸೂರ್ಯನ ಬಿಂಬವೇ. 2019ರ ಡಿಸೆಂಬರ್ 26ರ ಬೆಳಗ್ಗೆ ಗ್ರಹಣ ಹಿಡಿದಾಗ ನಮ್ಮೂರ ಮರದ ಕೆಳಗೆಲ್ಲ ಕುಡುಗೋಲಿನಾಕಾರದ ನೂರಾರು ಮಚ್ಚೆಗಳು ಬಿದ್ದಿದ್ದವು. ಅವತ್ತು ಆಕಾಶಕ್ಕಿಂತ ನೆಲವನ್ನೇ ಹೆಚ್ಚು ಹೊತ್ತು ನೋಡಿದೆ.

ಗಾಳಿಯನ್ನು ಓದುವುದು

ಮಂಜು ಬೀಳಲು ಏನು ಬೇಕು? ಮೋಡವಿಲ್ಲದ ರಾತ್ರಿ, ಅಲುಗದ ಗಾಳಿ, ತೇವದ ನೆಲ. ಹಗಲಿಡೀ ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಅದರಲ್ಲಿನ ನೀರಾವಿ ಹನಿಗಟ್ಟುತ್ತದೆ. ಮೋಡ ಕವಿದಿದ್ದರೆ ಅದು ಕಂಬಳಿಯ ಹಾಗೆ ಶಾಖವನ್ನು ತಡೆಯುತ್ತದೆ, ಗಾಳಿ ಬೀಸಿದರೆ ತಣ್ಣನೆಯ ಪದರ ಕಲಕಿಹೋಗುತ್ತದೆ. ಹಿಂಗಾರು ಮಳೆ ಮುಗಿದು ಕೆರೆಕಟ್ಟೆಗಳಲ್ಲಿ ಇನ್ನೂ ನೀರಿರುವ ನವೆಂಬರ್ ಕೊನೆಯಿಂದ ಜನವರಿಯವರೆಗೆ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರೂ ಜಿಲ್ಲೆಗಳಲ್ಲಿ ಇವೆಲ್ಲ ಒಟ್ಟಿಗೆ ಕೂಡಿಬರುವ ದಿನಗಳು ಹೆಚ್ಚು. ಧನುರ್ಮಾಸದ ಪೂಜೆಗೆ ಎದ್ದವರು ಇದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ಕೆರೆಯ ಏರಿಯ ಕೆಳಗಿನ ಗದ್ದೆಬಯಲು, ಹಳ್ಳದ ಪಕ್ಕದ ತೋಟ, ಬೆಟ್ಟಗಳ ನಡುವಿನ ತಗ್ಗು ಇವು ಮಂಜು ತಂಗುವ ಮನೆಗಳು. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ತಗ್ಗಿಗೇ ಇಳಿಯುತ್ತದೆ.

ನಂದಿಬೆಟ್ಟದಲ್ಲಿ ಅನೇಕರು ನಿರಾಶರಾಗುವುದು ಇದನ್ನು ಮರೆತು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಆ ನೆತ್ತಿಯ ಮೇಲೆ ನಿಂತರೆ ಎಷ್ಟೋ ಬೆಳಗು ಮಂಜೆಲ್ಲ ಕೆಳಗಿರುತ್ತದೆ. ಅದು ಮೋಡದ ಕಡಲಿನ ಚಿತ್ರಕ್ಕೆ ಸೊಗಸು, ಬಿಸಿಲುಕೋಲಿಗೆ ಅಲ್ಲ. ಕೋಲು ಬೇಕಾದವರು ಮಂಜಿನ ಒಳಗಿರಬೇಕು, ಮರಗಳ ಕೆಳಗಿರಬೇಕು. ಮೋಡವೇ ಬೆಟ್ಟದ ಮೈಗೆ ತಾಗಿ ಹಾದುಹೋಗುವ ದಿನ ನಾನು ಜನ ಸೇರಿದ ಅಂಚನ್ನು ಬಿಟ್ಟು, ಮೇಲಿನ ನೀಲಗಿರಿ ಮರಗಳ ನಡುವಿನ ದಾರಿಗೆ ಬರುತ್ತೇನೆ. ಮೋಡ ಒಂದು ನಿಮಿಷ ತೆಳುವಾದರೆ ಸಾಕು, ಹತ್ತಿಪ್ಪತ್ತು ಕೋಲುಗಳು ಒಮ್ಮೆಗೇ ಇಳಿಯುತ್ತವೆ, ಮತ್ತೆ ಮುಚ್ಚಿಕೊಳ್ಳುತ್ತವೆ. ದೇವರಾಯನದುರ್ಗದ ಬುಡದಲ್ಲಿ ನಾಮದ ಚಿಲುಮೆಯ ಕಡೆಗೆ ಹೋಗುವ ಕಾಡಿನ ರಸ್ತೆಯೂ ಹೀಗೆಯೇ. ಅಲ್ಲಿ ರಸ್ತೆಯ ಮೇಲೆ ನಿಂತೇ ತೆಗೆಯಬಹುದು, ಕಾಡಿನೊಳಗೆ ನುಗ್ಗುವ ಅಗತ್ಯವಿಲ್ಲ.

ಮಂಜು ಇದ್ದರೆ ಸಾಲದು, ಹದವೂ ಬೇಕು. ದಟ್ಟವಾಗಿದ್ದಾಗ ಬೆಳಕು ಹತ್ತಾರು ಸಲ ಚದುರಿ ಎಲ್ಲ ಕಡೆಯಿಂದಲೂ ಬರುತ್ತದೆ, ದಿಕ್ಕೇ ಇರುವುದಿಲ್ಲ, ಬರೀ ಬಿಳಿ. ಪೂರಾ ಕರಗಿದರೆ ಚದುರಿಸುವವರೇ ಇಲ್ಲ. ಇವೆರಡರ ನಡುವೆ, ಮರದ ತುದಿಯಲ್ಲಿ ನೀಲಿ ಆಕಾಶದ ಚೂರು ಕಾಣತೊಡಗಿ ಬುಡದಲ್ಲಿ ಇನ್ನೂ ಮಬ್ಬಿರುವ ಹತ್ತು ಹದಿನೈದು ನಿಮಿಷವೇ ನಿಜವಾದ ಮುಹೂರ್ತ. ಅಷ್ಟರಲ್ಲಿ ಚೌಕಟ್ಟು ಕಟ್ಟಿ, ಟ್ರೈಪಾಡ್ ಊರಿ, ಲೆನ್ಸಿನ ಮೇಲಿನ ಹನಿ ಒರೆಸಿ ಸಿದ್ಧವಾಗಿರಬೇಕು.

ಹೊತ್ತಿನ ವಿಷಯದಲ್ಲಿ ನಮ್ಮ ಸೀಮೆಗೆ ತನ್ನದೇ ಲೆಕ್ಕವಿದೆ. ಯುರೋಪಿನವರು ಮಾಡಿದ ಪಾಠಗಳಲ್ಲಿ ‘ಗೋಲ್ಡನ್ ಅವರ್’ ಎಂಬ ಮಾತು ಬರುತ್ತದೆ, ಹೊಂಬಿಸಿಲಿನ ಒಂದು ಗಂಟೆ. ನಾವಿರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಓರೆಯಾಗಿ ತೆವಳುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ, ಗಂಟೆಗೆ 13ರಿಂದ 14 ಡಿಗ್ರಿಯಂತೆ. ದಿಗಂತದಿಂದ ಆರು ಡಿಗ್ರಿ ಏರಲು ಅವನಿಗೆ 25ರಿಂದ 27 ನಿಮಿಷ ಸಾಕು. ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯ ಅಷ್ಟೇ ಏರಲು ಮುಕ್ಕಾಲು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತಾನೆ. ಆದ್ದರಿಂದ ನಮ್ಮ ಹೊಂಬಿಸಿಲು ಅರ್ಧ ಗಂಟೆಯದ್ದು. ಪಾಠದಲ್ಲಿ ಓದಿದ ಗಂಟೆಯನ್ನು ನಂಬಿ ನಿಧಾನಕ್ಕೆ ಹೊರಟವರು ಬೆಟ್ಟ ಹತ್ತುವಷ್ಟರಲ್ಲಿ ಬೆಳಕು ಬಿಳಿಯಾಗಿರುತ್ತದೆ. ಜೂನ್ ಮೊದಲಲ್ಲಿ ಸೂರ್ಯ ಆರಕ್ಕೆ ಕೊಂಚ ಮುಂಚೆಯೇ ಮೂಡುತ್ತಾನೆ, ಜನವರಿಯ ಕೊನೆಯಲ್ಲಿ ಆರೂಮುಕ್ಕಾಲು ದಾಟುತ್ತದೆ. ಮೂಡುವ ಜಾಗವೂ ಅಲೆಯುತ್ತದೆ: ಜೂನಿನಲ್ಲಿ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಬೇಸಿಗೆಯಲ್ಲಿ ಬೆಟ್ಟದ ಭುಜದ ಮೇಲೆ ಮೂಡಿದವನು ಚಳಿಗಾಲದಲ್ಲಿ ಆ ಬೆಟ್ಟದ ಪಕ್ಕದ ಬಯಲಲ್ಲಿ ಮೂಡಬಹುದು. ಜಾಗ ನೋಡಿಟ್ಟುಕೊಂಡರೆ ಸಾಲದು, ತಿಂಗಳನ್ನೂ ಬರೆದಿಟ್ಟುಕೊಳ್ಳಬೇಕು.

ಹಂಡೆ ಒಲೆಯ ಹೊಗೆ

ಗುಬ್ಬಿ ತಾಲ್ಲೂಕಿನ ನಮ್ಮ ದೊಡ್ಡಮ್ಮನ ಮನೆಯ ಹಿತ್ತಲಿಗೇ ತೆಂಗಿನ ತೋಟ. ಬಚ್ಚಲಿನ ಹಂಡೆ ಒಲೆಗೆ ಇವತ್ತಿಗೂ ಮಟ್ಟೆ, ಸೋಗೆ. ಒಂದು ಜನವರಿಯ ಬೆಳಗ್ಗೆ ಮಂಜು ಬರಲಿಲ್ಲ. ಕೆರೆ ಏರಿಯವರೆಗೆ ಹೋಗಿ ಬರಿಗೈಲಿ ವಾಪಸು ಬಂದಿದ್ದೆ. ಎಂಟೂಕಾಲರ ಹೊತ್ತಿಗೆ ದೊಡ್ಡಮ್ಮ ಹಸಿಮಟ್ಟೆ ಒಲೆಗೆ ಇಟ್ಟರು. ಗಾಳಿ ಇರಲಿಲ್ಲ. ಹೊಗೆ ಮೇಲೇರದೆ ಹಿತ್ತಲ ಬಾಗಿಲಿಂದ ತೋಟದೊಳಕ್ಕೆ ಸೊಂಟದೆತ್ತರದಲ್ಲಿ ಹರಿದು, ಆರನೇ ಏಳನೇ ಸಾಲಿನ ಮರಗಳವರೆಗೂ ಹರಡಿ ನಿಂತಿತು. ಸೂರ್ಯ ಆಗ ಸುಮಾರು 20 ಡಿಗ್ರಿ ಮೇಲಿದ್ದ. ಗರಿಗಳ ಸಂದಿಯಿಂದ ಏಳು ಕೋಲುಗಳು ಇಳಿದವು. ಒಂದು ಸರಿಯಾಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ.

‘ಅಯ್ಯೋ, ಹೊಗೇನ ಯಾಕಪ್ಪ ಫೋಟೊ ಹೊಡೀತೀಯ, ಕಣ್ಣುರಿ ಬರುತ್ತೆ ಈಚೆ ಬಾ’ ಅಂದರು ದೊಡ್ಡಮ್ಮ.

‘ಇನ್ನೊಂದು ಮಟ್ಟೆ ಹಾಕಿ ದೊಡ್ಡಮ್ಮ, ಹಸೀದೇ ಇರಲಿ.’

ಅವತ್ತಿನ ಲೆಕ್ಕ ಹೀಗಿತ್ತು: ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 200, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಎಫ್ 8, ಶಟರ್ (ಬೆಳಕಿಗೆ ತೆರೆದಿರುವ ಹೊತ್ತು) 250ನೇ ಒಂದು ಸೆಕೆಂಡು, 85 ಮಿಲಿಮೀಟರ್ ಲೆನ್ಸ್. ಅಂಕಿಗಿಂತ ಅದರ ಹಿಂದಿನ ಯೋಚನೆ ಮುಖ್ಯ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಕಪ್ಪು ಬೊಡ್ಡೆಗಳನ್ನು ನೋಡಿ ‘ಬಹಳ ಕತ್ತಲೆ’ ಎಂದು ತೀರ್ಮಾನಿಸಿ ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ, ಕೋಲುಗಳು ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಅದಕ್ಕೇ ಕೋಲಿನ ಅತ್ಯಂತ ಬೆಳಕಿರುವ ಭಾಗಕ್ಕೆ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕಿನ ಪ್ರಮಾಣ, ಹೊಂದಿಸಬೇಕು. ಕ್ಯಾಮೆರಾ ಹೇಳಿದ್ದಕ್ಕಿಂತ ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಡಿಮೆ ಎಂದಿಟ್ಟುಕೊಂಡು ಶುರುಮಾಡಿ, ಪರದೆಯಲ್ಲಿ ಬೆಳಕಿನ ಹಂಚಿಕೆ ತೋರುವ ನಕ್ಷೆ, ಹಿಸ್ಟೋಗ್ರಾಂ, ಬಲಗೋಡೆಗೆ ಬಡಿಯದಂತೆ ನೋಡಿಕೊಳ್ಳಿ. ನೆರಳು ಕಪ್ಪಾಗಲಿ ಬಿಡಿ, ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಫೈಲ್ ಆಗಿದ್ದರೆ ಆಮೇಲೆ ಬೇಕಾದಷ್ಟು ಮೇಲೆತ್ತಬಹುದು. ಸುಟ್ಟು ಬಿಳಿಯಾದ ಬೆಳಕನ್ನು ಮಾತ್ರ ಯಾರೂ ವಾಪಸು ತರಲಾರರು. ಹೊಗೆ ಚಲಿಸುವ ವಸ್ತು, ಶಟರ್ ನಿಧಾನವಾದರೆ ಅದರ ಎಳೆಗಳೆಲ್ಲ ಕಲಸಿ ಸಪಾಟಾಗುತ್ತವೆ. ಮಂಜಿಗೆ ಅಷ್ಟು ಅವಸರವಿಲ್ಲ, ಟ್ರೈಪಾಡ್ ಇದ್ದರೆ 60ನೇ ಒಂದು ಸೆಕೆಂಡೂ ನಡೆಯುತ್ತದೆ. ಬಣ್ಣದ ಛಾಯೆ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಡಬೇಡಿ, ಹೊಂಬಣ್ಣವನ್ನೇ ದೋಷವೆಂದು ಎಣಿಸಿ ಅದು ತೊಳೆದುಹಾಕುತ್ತದೆ. ಡೇಲೈಟ್ ಅಥವಾ ಸುಮಾರು 5,500 ಕೆಲ್ವಿನ್‌ನಲ್ಲಿ ನಿಲ್ಲಿಸಿ.

ಅಪರ್ಚರ್ ಬಗ್ಗೆ ಒಂದು ಗೊಂದಲ ಬಹಳ ಕಂಡಿದ್ದೇನೆ. ಕಿಂಡಿಯನ್ನು ಬಹಳ ಕಿರಿದಾಗಿಸಿ ಎಫ್ 16, ಎಫ್ 22 ಇಟ್ಟು ‘ಕಿರಣ ಬಂತು’ ಎಂದು ತೋರಿಸುವುದು ಲೆನ್ಸಿನೊಳಗೆ ಹುಟ್ಟಿದ ನಕ್ಷತ್ರ. ಅಪರ್ಚರನ್ನು ಕಿರಿದಾಗಿಸುವ ತೆಳು ಎಲೆಗಳ ಅಂಚಿನಲ್ಲಿ ಬೆಳಕು ಬಾಗಿ ಆಗುವಂಥದ್ದು. ಎಲೆಗಳು ಸಮಸಂಖ್ಯೆಯಲ್ಲಿದ್ದರೆ ಅಷ್ಟೇ ಮೊನೆ, ಬೆಸ ಸಂಖ್ಯೆಯಲ್ಲಿದ್ದರೆ ಎರಡರಷ್ಟು. ಅದು ತಪ್ಪಲ್ಲ, ಆದರೆ ಬಿಸಿಲುಕೋಲು ಅದಲ್ಲ. ಬಿಸಿಲುಕೋಲು ತೋಟದ ಗಾಳಿಯಲ್ಲೇ ಇರುತ್ತದೆ, ಬರಿಗಣ್ಣಿಗೂ ಕಾಣುತ್ತದೆ.

ಕೈಯಲ್ಲಿರುವುದು ಮೊಬೈಲ್ ಮಾತ್ರ ಎನ್ನುವವರಿಗೂ ದಾರಿಯಿದೆ. ಮೊದಲು ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಜೇಬಿನ ಜಿಡ್ಡು ಮೆತ್ತಿದ ಲೆನ್ಸಿನಲ್ಲಿ ಎದುರು ಬಿಸಿಲಿಗೆ ಚಿತ್ರವೆಲ್ಲ ಹಾಲು ಚೆಲ್ಲಿದ ಹಾಗಾಗುತ್ತದೆ. ಪರದೆಯಲ್ಲಿ ಕೋಲಿನ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಆಫ್ ಮಾಡಲು ಬರುವ ಫೋನಾದರೆ ಎಚ್‌ಡಿಆರ್ ಆಫ್ ಮಾಡಿಡಿ. ನೆರಳನ್ನೂ ಬೆಳಕನ್ನೂ ಒಂದೇ ಮಟ್ಟಕ್ಕೆ ತರುವುದು ಅದರ ಕೆಲಸ, ಕೋಲು ಬದುಕಿರುವುದೋ ಅವೆರಡರ ಅಂತರದಲ್ಲೇ.

ಹೊಗೆಯ ಬಗ್ಗೆ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಫೋಟೊಗಾಗಿ ಕಾಡಿನಲ್ಲಿ ಎಲೆ ಗುಡ್ಡೆಹಾಕಿ ಬೆಂಕಿ ಹಚ್ಚುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೇವರಾಯನದುರ್ಗದಂಥ ಎಲೆಯುದುರುವ ಕಾಡು ಶಿವರಾತ್ರಿ ಬರುವಷ್ಟರಲ್ಲಿ ಒಣಗಿ ಗರಿಗರಿಯಾಗಿರುತ್ತದೆ, ಒಂದು ಕಿಡಿ ಇಡೀ ಬೆಟ್ಟವನ್ನು ತಿನ್ನಬಲ್ಲದು. ಅಲ್ಲಿನ ಹಕ್ಕಿಗೂಡು, ಮೊಲದ ಮರಿ, ವರ್ಷವಿಡೀ ಬೆಳೆದ ಸಸಿಗಳಿಗಿಂತ ನಮ್ಮ ಚಿತ್ರ ದೊಡ್ಡದಲ್ಲ. ಒಲೆ ಹೊತ್ತಿಸುವ ಮನೆ, ರಾಗಿ ಒಕ್ಕುವ ಕಣ, ಕುರಿಮಂದೆ ಹಾಯುವ ಮಣ್ಣುದಾರಿ ಇವೆಲ್ಲ ಇರುವಾಗ ನಾವಾಗಿ ಬೆಂಕಿ ಇಡಬೇಕಾದ ಅಗತ್ಯವೇ ಇಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಸಂಜೆ ಗಾಳಿಗೆ ರಾಗಿ ತೂರುವ ಕಣದ ಎದುರು, ಸೂರ್ಯ ತೂರುವವರ ಹಿಂದೆ ಬರುವಂತೆ ನಿಂತು ನೋಡಿ. ಮೊರದಿಂದ ಕಾಳು ನೇರ ಕೆಳಗೆ ಬೀಳುತ್ತದೆ, ಹೊಟ್ಟು ಪಕ್ಕಕ್ಕೆ ಹಾರಿ ಉರಿಯುವ ಚಿನ್ನದ ಪರದೆಯಾಗುತ್ತದೆ, ತೂರುವವರ ನೆರಳು ಆ ಪರದೆಯ ಮೇಲೆ ಉದ್ದಕ್ಕೆ ಚಾಚುತ್ತದೆ. ತೆಗೆಯುವ ಮುಂಚೆ ಒಂದು ಮಾತು ಕೇಳಿ, ತೆಗೆದ ಮೇಲೆ ತೋರಿಸಿ.

ಕೋಲಿಲ್ಲದ ಬೆಳಕು

ಮಂಜೂ ಇಲ್ಲ, ಹೊಗೆಯೂ ಇಲ್ಲದ ದಿನಗಳೇ ಹೆಚ್ಚು. ಆಗ ಬೆಳಕಿನ ಓರೆ ಕೆಲಸ ಮಾಡುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ 3,930 ಅಡಿ ಎತ್ತರ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಪಟ್ಟಿ ಈ ಜಿಲ್ಲೆಯನ್ನು ಉತ್ತರ ದಕ್ಷಿಣವಾಗಿ ಹಾಯುತ್ತದೆ, ಇಲ್ಲಿಯ ಬಂಡೆಬೆಟ್ಟಗಳಿಗೆ ಅದೇ ಮೂಲ. ಮಧ್ಯಾಹ್ನ ನೋಡಿದರೆ ಮಧುಗಿರಿ ಒಂದು ಬೂದು ಗುಡ್ಡೆ. ಬೆಳಗಿನ ಬಿಸಿಲು ಪಕ್ಕದಿಂದ ಸವರಿಕೊಂಡು ಹೋದಾಗ ಮಳೆನೀರು ಇಳಿದ ಕಪ್ಪು ಗೀರುಗಳು, ಪದರ ಎದ್ದ ಅಂಚುಗಳು, ಕೋಟೆಗೋಡೆಯ ಒಂದೊಂದು ಕಲ್ಲು ಬೇರೆಬೇರೆಯಾಗಿ ಎದ್ದು ನಿಲ್ಲುತ್ತವೆ. ಇಂಥ ಕಡೆ ಸೂರ್ಯ ನಮ್ಮ ಎಡಕ್ಕೋ ಬಲಕ್ಕೋ ಇರಬೇಕು. ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಇದ್ದವರಿಗೂ ಇದೇ ಸರಿಯಾದ ಜಾಗ, ಸೂರ್ಯನಿಗೆ 90 ಡಿಗ್ರಿ ಓರೆಯಲ್ಲಿ ಅದರ ಪರಿಣಾಮ ಗರಿಷ್ಠ. ಕೋಲು ತೆಗೆಯುವಾಗ ಮಾತ್ರ ಅದನ್ನು ಚೀಲದಲ್ಲೇ ಬಿಡಿ.

ಮಧುಗಿರಿ ತಾಲ್ಲೂಕಿನದೇ ಮೈದೇನಹಳ್ಳಿಯ ಕೃಷ್ಣಮೃಗ ಮೀಸಲು ಪ್ರದೇಶದಲ್ಲಿ ಮರವೇ ಕಡಿಮೆ, ಹುಲ್ಲು ಬಯಲು. ಸಂಜೆ ಸೂರ್ಯನಿಗೆ ಎದುರಾಗಿ ನಿಂತರೆ ಒಣಹುಲ್ಲಿನ ತೆನೆಗಳಿಗೂ ಜಿಂಕೆಯ ಬೆನ್ನಿಗೂ ಬೆಳಕಿನ ಅಂಚು ಕಟ್ಟುತ್ತದೆ. ನೆತ್ತಿಯ ಬಿಸಿಲನ್ನು ಎಲ್ಲರೂ ದೂರುತ್ತಾರೆ, ಆದರೆ ಕೋಲಾರದ ಅಂತರಗಂಗೆಯ ಬಂಡೆಗವಿಗಳಲ್ಲಿ ಅದೇ ಬೇಕು. ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ನಡುವಿನಲ್ಲೂ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬಂದು ನಿಂತು ನೆಟ್ಟಗೆ ನಿಂತ ಕಂಬದ ನೆರಳನ್ನೂ ನುಂಗುವ ದಿನಗಳಿವೆ. ಅಂಥ ಹೊತ್ತಿನಲ್ಲಿ ಬಂಡೆಗಳ ಸಂದಿಯಿಂದ ಬಿಸಿಲು ಗವಿಯ ನೆಲಕ್ಕೆ ನೇರ ಇಳಿಯುತ್ತದೆ, ಜನ ನಡೆದು ಎದ್ದ ದೂಳು ಅದನ್ನು ಕೋಲಾಗಿಸುತ್ತದೆ. ಮುಂಗಾರಿನಲ್ಲಿ ನನ್ನ ಆಯ್ಕೆ ಗುಡಿಬಂಡೆ. ಕೋಟೆಯ ಮೇಲೆ ನಿಂತರೆ ಅಮಾನಿ ಭೈರಸಾಗರ ಕೆರೆ ಕೆಳಗೆ ಹರಡಿರುತ್ತದೆ. ಜುಲೈ, ಆಗಸ್ಟಿನ ಒಡೆದ ಮೋಡಗಳ ನಡುವಿನಿಂದ ಬಿದ್ದ ಬೆಳಕಿನ ತೇಪೆಯೊಂದು ಹೊಲದಿಂದ ಹೊಲಕ್ಕೆ, ಕೆರೆಯ ನೀರಿಗೆ, ಆಚೆಯ ಗುಡ್ಡಕ್ಕೆ ನಡೆದು ಹೋಗುವುದನ್ನು ಕಾಯುತ್ತಾ ಕೂರುವುದು ನನಗೆ ಯಾವತ್ತೂ ಬೇಸರ ತಂದಿಲ್ಲ.

ಇನ್ನು ಕಂಪ್ಯೂಟರಿನ ಕೆಲಸ. ನನ್ನ ಮಟ್ಟಿಗೆ ಅದು ಎರಡು ನಿಮಿಷದ್ದು: ಕಾಂಟ್ರಾಸ್ಟ್ ಕೊಂಚ ಏರಿಸುವುದು, ಕೋಲಿನ ಮೇಲಷ್ಟೇ ಬ್ರಶ್ ಆಡಿಸಿ ಸ್ವಲ್ಪ ಎತ್ತುವುದು. ಡಿಹೇಜ್ ಎಂಬ ಸಲಕರಣೆ ಮಬ್ಬನ್ನು ಅಳಿಸಲೆಂದೇ ಇರುವುದು, ನಾವು ತೆಗೆದದ್ದೇ ಮಬ್ಬನ್ನು. ಇಲ್ಲದ ಕೋಲನ್ನು ಬರೆದು ಸೇರಿಸುವ ತಂತ್ರಾಂಶಗಳೂ ಈಗ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ನೆರಳಿನ ದಿಕ್ಕನ್ನು ತಪ್ಪಿಸಿ ಸಿಕ್ಕಿಬೀಳುತ್ತವೆ. ಸಿಕ್ಕಿಬೀಳದಿದ್ದರೂ, ಆ ಬೆಳಗ್ಗೆ ಅಲ್ಲಿ ಇಲ್ಲದಿದ್ದದ್ದನ್ನು ಇತ್ತೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಪ್ರಿಂಟ್ ಹಾಕಿಸುವವರಿಗೆ ಕೊನೆಯ ಒಂದು ಸಂಗತಿ. ದೊಡ್ಡಮ್ಮನ ತೋಟದ ಚಿತ್ರವನ್ನು ಹನ್ನೆರಡು-ಹದಿನೆಂಟು ಇಂಚಿನ ಅಳತೆಗೆ ಒಂದು ಲ್ಯಾಬಿಗೆ ಕೊಟ್ಟಿದ್ದೆ. ಬಂದ ಪ್ರಿಂಟಿನಲ್ಲಿ ಬೊಡ್ಡೆಗಳೆಲ್ಲ ಬೂದಿಬಣ್ಣ, ಕೋಲುಗಳೇ ಇರಲಿಲ್ಲ. ಅಲ್ಲಿನ ಯಂತ್ರ ಚಿತ್ರವನ್ನು ‘ಕತ್ತಲೆ’ ಎಂದು ಬಗೆದು ತಾನಾಗಿ ಬೆಳಗಿಸಿತ್ತು, ಆಟೊ ಕ್ಯಾಮೆರಾ ಮಾಡುವ ತಪ್ಪನ್ನೇ ಮಾಡಿತ್ತು. ಮದುವೆ ಆಲ್ಬಮ್ಮಿಗೆ ಆ ಸೌಕರ್ಯ ಸರಿ, ಇಂಥ ಚಿತ್ರಕ್ಕೆ ಸಲ್ಲದು. ಫೈಲ್ ಕೊಡುವಾಗಲೇ ‘ಕರೆಕ್ಷನ್ ಬೇಡ, ಇದ್ದ ಹಾಗೇ ಹಾಕಿ’ ಎಂದು ಬರೆದುಕೊಡಬೇಕು, ಹೊಳಪಿನ ಕಾಗದದ ಬದಲು ಮ್ಯಾಟ್ ಕೇಳಬೇಕು. ಎರಡನೇ ಸಲ ಹಾಗೆ ಮಾಡಿದೆ. ಏಳು ಕೋಲುಗಳೂ ಬಂದವು, ಒಗೆಯುವ ಕಲ್ಲಿನ ಮೇಲೆ ಬಿದ್ದಿದ್ದೂ ಸೇರಿ. ಈಗ ಅದು ದೊಡ್ಡಮ್ಮನ ಮನೆಯ ನಡುಮನೆಯ ಗೋಡೆಯ ಮೇಲಿದೆ.